ಆಚೆ ಮಳೆ

ಐದೂವರೆಗೆ ತೋಟದ ರೈಟರ ಫೋನು:
"ಇಲ್ಲಿ ಸುರೀತಾ ಇದೆ ಮಾರಾಯ, ಜನ ತರಬೇಡ."
ಫಯಾಜ್ ಜೀಪಿನಿಂದ ತಲೆ ಹೊರಗಿಟ್ಟು ನೋಡಿದ.
ಕೊಣನೂರಿನ ಮೇಲೆ ಆಕಾಶ
ಉಂಡು ತೊಳೆದ ತಟ್ಟೆ. ಒಂದಗುಳು ಮೋಡವಿಲ್ಲ.

ಹದಿನಾಲ್ಕು ಜನ, ಹದಿನಾಲ್ಕು ಬುತ್ತಿ.
ಸೊಂಟಕ್ಕೆ ಸುತ್ತಿದ ಗೋಣಿ ಬಿಚ್ಚಬೇಕೋ ಬೇಡವೋ
ತಿಳಿಯದೆ ನಿಂತೆವು.

ದಿನಾ ಹಾಸನ ಜಿಲ್ಲೆಯಲ್ಲಿ ಬಾಯಿ ತೆರೆದ ಆಕಳಿಕೆ
ಕೊಡಗಿನಲ್ಲಿ ಮುಚ್ಚುತ್ತದೆ.
ನಡುವೆ ಒಂದು ಬೋರ್ಡು,
ಸ್ವಾಗತದ ಸ್ವಾ ತುಕ್ಕು ತಿಂದು ಬರೀ ಗತ.
ರೇಡಿಯೋ ಹಾಳಾಗುವುದೂ ಅಲ್ಲೇ.
ಹಾಸನದ ಹೆಂಗಸು ಶುಂಠಿಯ ಕೊಳೆರೋಗ ವಿವರಿಸುತ್ತಾ
"ಇದಕ್ಕೆ ರೈತಬಾಂಧವರು..." ಅನ್ನುವಷ್ಟರಲ್ಲಿ ಗೊರಗೊರ,
ಆಮೇಲೆ ಮಡಿಕೇರಿಯ ಗಂಡಸು, ಯಾವುದಕ್ಕೋ ನಗುತ್ತಿರುತ್ತಾನೆ.
ಜವರಮ್ಮ ಹೇಳುತ್ತಾಳೆ:
"ಎಂಟು ವರ್ಷದಿಂದ ರೋಗ ಕೇಳಿದೀನಿ ಕಣವ್ವ,
ಔಸ್ದಿ ಒಂದಿನಾನೂ ಕೇಳಿಲ್ಲ."

ಆಚೆ ಕೂಲಿ ಐವತ್ತು ಜಾಸ್ತಿ. ಜೀಪಿಗೆ ನಲವತ್ತು.
ಹತ್ತು ರೂಪಾಯಿ ಅಗಲದ ಗಡಿ ನಮ್ಮದು.
ಇವತ್ತು ಅದೂ ಇಲ್ಲ.

ಹಾಳಾಗಲಿ ಅಂದು
ಎಂಟಕ್ಕೇ ಮಧ್ಯಾಹ್ನದ ಬುತ್ತಿ ಬಿಚ್ಚಿದೆವು ಹೊಂಗೆಯಡಿ.
ಮುದ್ದೆ ಇನ್ನೂ ಬೆಚ್ಚಗಿತ್ತು!
ಫಯಾಜ್ ಜೀಪನ್ನು ಹೊಳೆಗಿಳಿಸಿ
ಎಮ್ಮೆ ತಿಕ್ಕಿದಂತೆ ತಿಕ್ಕಿದ, ಕಿವಿಯ ಹಿಂದೆಯೂ.
ಕೆಂಪಮಣಿಯ ಮಗಳು
ಅವ್ವ ಹಗಲು ಹೊತ್ತು ಸಿಕ್ಕಿದ್ದು ಕಂಡು
ಸ್ಕೂಲಿಗೆ ಹೋಗದಂತೆ ಹೊಟ್ಟೆನೋವು ತಂದುಕೊಂಡಿತು.
ಅವ್ವನೂ ನಂಬಿದಳು.

ಜಗಲಿಯ ಮೇಲೆ ಇದ್ದಿಲಲ್ಲಿ ಚೌಕಾಬಾರದ ಮನೆ ಬರೆದೆವು.
ಹುಣಸೆಬೀಜ ಉಜ್ಜಿ ನಾಲ್ಕು ಕವಡೆ.
ಕಾಯಿಗೆ ಜವರಮ್ಮನದು ಬಳೆಚೂರು, ಕೆಂಪಮಣಿಯದು ಕಲ್ಲು,
ನನ್ನವು ಬೇವಿನ ಕಡ್ಡಿ.
ನಾಲ್ಕನೆಯ ಕೈ ಇಲ್ಲವಲ್ಲ ಅನ್ನುವಾಗ
ಫೋನು ಮಿನುಗಿತು: ಜೊನಾಲಿ.

ಅಸ್ಸಾಮಿನವಳು, ತೋಟದ ಲೈನುಮನೆಯಲ್ಲಿರುತ್ತಾಳೆ.
ಎಷ್ಟು ಗಡಿ ದಾಟಿ ಬಂದೆ ಅಂತ ಒಮ್ಮೆ ಕೇಳಿದ್ದೆ.
ಬೆರಳು ಮಡಚುತ್ತಾ ಹೋಗಿ
ಎರಡನೇ ಕೈಯಲ್ಲಿ ಬಿಟ್ಟುಬಿಟ್ಟಳು.
ಈಗ ಫೋನು ತಿರುಗಿಸಿ ಮಳೆ ತೋರಿಸಿದಳು:
ತಗಡಿನಿಂದ ಸುರಿವ ನೀರು, ಒಂಟಿ ಚಪ್ಪಲಿ, ಒದ್ದೆ ಕೋಳಿ.
ನಾನು ಬಿಸಿಲು ತೋರಿಸಿದೆ.
ಅವಳು "ಕೊಡು" ಅಂದಳು ಕನ್ನಡದಲ್ಲಿ,
ಅಂಗೈ ಚಾಚಿ.

ಸೆರಗಿನ ಅಂಚಿನಲ್ಲಿ ನಾಲ್ಕು ಕಾಫಿಬೀಜ ಸಿಕ್ಕಿಕೊಂಡಿದ್ದವು.
ಕದ್ದದ್ದಲ್ಲ, ಅವೇ ಬಂದವು.
ಅವಳ ಕಾಯಿ ಅವು.
ಫೋನನ್ನು ಚೊಂಬಿಗೆ ಒರಗಿಸಿ ಕೂರಿಸಿದೆವು.
ಅವಳ ಪರವಾಗಿ ನಾನೇ ಕವಡೆ ಹಾಕಿದೆ:
ಚೌಕ! ಮತ್ತೆ ಚೌಕ! ಆಚೆ ತಗಡಿನ ಕೆಳಗೆ ಕಿರುಚಾಟ.
ಯಾರದಾದರೂ ಒಂದು ಕಾಯಿ ಕಡಿಯದೆ
ಒಳಸುತ್ತಿಗೆ ಹೋಗುವಂತಿಲ್ಲ
ಅನ್ನುವುದನ್ನು ಕೈಸನ್ನೆಯಲ್ಲಿ ತಿಳಿಸಲು
ಜವರಮ್ಮ ಗಂಟಲಿಗೆ ಬೆರಳು ಎಳೆದುಕೊಂಡಾಗ
ಜೊನಾಲಿ ಹೆದರಿ, ಆಮೇಲೆ ಅರ್ಥವಾಗಿ,
ನನ್ನದೇ ಬೇವಿನ ಕಡ್ಡಿ ಕಡಿಸಿದಳು, ನನ್ನ ಕೈಯಿಂದಲೇ.

ಮೂರು ಗಂಟೆಗೆ ರೈಟರು: "ಬಿಟ್ಟಿದೆ. ನಾಳೆ ಬನ್ನಿ."
ಬಿಟ್ಟ ಮಳೆ ಎಲ್ಲಿಗೆ ಹೋಗುತ್ತದೆ?
ದಾರಿ ಗೊತ್ತಿದ್ದಂತೆ, ಚೆಕ್‌ಪೋಸ್ಟಿನಲ್ಲಿ ಇಳಿಯದೆ
ನೇರ ನಮ್ಮ ಜಗಲಿಗೇ ಬಂತು.
ಒಣಗಹಾಕಿದ ಸೀರೆ ಎಳೆಯಲು ಎಲ್ಲರೂ ಓಡಿದರು.
ಇದ್ದಿಲ ಮನೆ ಮೊದಲು ಮೂಲೆಯಲ್ಲಿ ಕರಗಿತು.

ಮೂರು ಬೀಜ ನೀರಿನೊಡನೆ ಹೋದವು. ಒಂದು ನನ್ನ ಮುಷ್ಟಿಯಲ್ಲಿದೆ.
ಹಣ್ಣಾಗಲು ಇನ್ನೆರಡೇ ಮನೆ ಬಾಕಿಯಿತ್ತು ಅಂತ
ನಾಳೆ ಅವಳಿಗೆ ಹೇಳಬೇಕು,
ಯಾವ ಮಾತಿನಲ್ಲಿ ಹೇಳಲಿ.
ಸೆರಗಿನ ತುದಿಗೇ ಗಂಟು ಹಾಕಿದ್ದೇನೆ.
ಅಲ್ಲಿಯ ಬೀಜ ಅಲ್ಲಿಗೇ ಹೋಗುವಾಗ
ಯಾರು ತಡೆದು ಕೇಳಬೇಕು?